ಅಜ್ಜಿ ಪಾರ್ಟು

“ಕೋಳಿಗೂ ಟಿಕೆಟ್ ತಗೋಬೇಕು ಅಜ್ಜಿ,” ಎಂದ ಕಂಡಕ್ಟರ್.

“ತಗೋತೀನಪ್ಪ. ಟಿಕೆಟ್ ಕೊಟ್ಮೇಲೆ ಸೀಟೂ ಕೊಡ್ಬೇಕು ತಾನೇ? ನಮ್ ಕೋಳಿಗೆ ಕಿಟಕಿ ಪಕ್ಕದ್ದೇ ಆಗ್ಬೇಕು,” ಎಂದಳು ಶ್ರೀವಲ್ಲಿ. ಅವಳು ಬೆನ್ನು ಬಗ್ಗಿಸಿದ್ದಳು. ಮರದ ಸ್ಕೇಲೇ ಅವಳ ಊರುಗೋಲು.

ಎಂಟನೇ ಕ್ಲಾಸಿನವರೆಲ್ಲ ಗೊಳ್ಳೆಂದು ನಕ್ಕರು. ಕಂಡಕ್ಟರ್ ಆಗಿದ್ದ ವೇಣುವಿಗೂ ನಗು ತಡೆಯಲಾಗಲಿಲ್ಲ.

ಪದ್ಮಶ್ರೀ ಮಿಸ್ ಕೈಯಲ್ಲಿದ್ದ ಹಾಳೆ ಮಡಚಿದರು. “ಗುಡ್. ಶ್ರೀವಲ್ಲಿ, ನಾಳೆ ಸಂಘಮಿತ್ರ ಸಿಕ್ಕಿದ್ರೆ ಎಲ್ಲಿ ನಿಂತ್ಕೋಬೇಕು, ಎಲ್ಲಿ ಬಗ್ಗಬೇಕು ಅಂತ ಅವಳಿಗೆ ತೋರಿಸ್ಕೊಡಮ್ಮ.”

“ಆಯ್ತು ಮಿಸ್,” ಎಂದು ಶ್ರೀವಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ಆದರೆ ಅವಳಿಗೆ ಒಳಗೊಳಗೇ ಉರಿಯಿತು.

ಅಜ್ಜಿ ಪಾರ್ಟು ಅವಳದಲ್ಲ, ಸಂಘಮಿತ್ರಳದು. ಸಂಘಮಿತ್ರಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳುಗಳು ದೊಡ್ಡವಾಗಿದ್ದುದರಿಂದ ಹೊತ್ತು ಹೊತ್ತಿಗೂ ಸೊಪ್ಪು ಬೇಕು. ಸಂಜೆಯ ಬೆಲ್ ಹೊಡೆದರೆ ಸಾಕು, ಅವಳು ಸೊಪ್ಪು ಕೊಯ್ಯಲು ಮನೆಗೆ ಓಡುತ್ತಿದ್ದಳು. ರಿಹರ್ಸಲ್‌ಗೆ ಯಾರಾದರೂ ಅಜ್ಜಿ ಬೇಕಲ್ಲ? ಶ್ರೀವಲ್ಲಿಗೆ ಏನು ಕೊಟ್ಟರೂ ಬಾಯಿಪಾಠ ಬರುತ್ತಿತ್ತು. “ಸದ್ಯಕ್ಕೆ ಅವಳ ಬದಲು ನೀನು ಹೇಳ್ತಿರು,” ಎಂದಿದ್ದರು ಮಿಸ್.

ಹೇಳುತ್ತಾ ಹೇಳುತ್ತಾ ಅಜ್ಜಿ ಶ್ರೀವಲ್ಲಿಯ ಮೈಮೇಲೇ ಬಂದುಬಿಟ್ಟಿದ್ದಳು. ಈಗ ಬಿಟ್ಟುಕೊಡು ಅಂದರೆ ಹೇಗೆ?

ಆ ವಾರ ಜಂಗಮಕೋಟೆಯ ಆ ಹೈಸ್ಕೂಲಿನಲ್ಲಿ ಪಾಠ ಎಂಬುದೇ ಇರಲಿಲ್ಲ. ಪರೀಕ್ಷೆಗೆ ಮುಂಚೆ ಎಲ್ಲವನ್ನೂ ಮುಗಿಸಬೇಕೆಂದು ಹೆಡ್‌ಮಾಸ್ಟರ್ ವೆಂಕಟರವಣಪ್ಪನವರು ಇಡೀ ವರ್ಷದ ಸಂಭ್ರಮವನ್ನು ಒಂದೇ ವಾರಕ್ಕೆ ತುರುಕಿದ್ದರು. ಸೋಮವಾರ ಸ್ಪೋರ್ಟ್ಸ್. ಮಂಗಳವಾರ ರಂಗೋಲಿ. ಬುಧವಾರ ವಿಜ್ಞಾನ ಪ್ರದರ್ಶನ, ಮರುದಿನ ಮಕ್ಕಳ ಸಂತೆ. ಶುಕ್ರವಾರ ಸ್ಕೂಲ್ ಡೇ. ಶನಿವಾರ ಹತ್ತನೇ ಕ್ಲಾಸಿನವರಿಗೆ ಬೀಳ್ಕೊಡುಗೆ. ಓಟದ ಪಂದ್ಯಕ್ಕೆ ಎಳೆದ ಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ, ಅದರ ಮೇಲೆಯೇ ಶಾಮಿಯಾನಕ್ಕೆ ಗುಂಡಿ ತೋಡಿದರು. ಹೊಸದಾಗಿ ಚಿಗುರಿದ್ದ ಹೊಂಗೆಮರಕ್ಕೆ ಆಗಲೇ ಮೈಕು ಏರಿತ್ತು.

ಮಂಗಳವಾರ ಇಬ್ಬರೂ ಸೇರಿ ರಂಗೋಲಿ ಬಿಡುತ್ತಿದ್ದಾಗ ಶ್ರೀವಲ್ಲಿ ಕೇಳಿದಳು, “ನಿಮ್ ಹುಳ ಹೆಂಗಿದಾವೆ?”

“ನಾಲ್ಕನೇ ಜ್ವರ ಎದ್ದು, ಈಗ ಸೊಪ್ಪು ಮುಕ್ತಾ ಇದಾವೆ ಕಣೇ. ಎಷ್ಟ್ ಹಾಕಿದ್ರೂ ಸಾಲ್ದು,” ಎಂದಳು ಸಂಘಮಿತ್ರ.

ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಮಲಗುತ್ತದೆ. ಅದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಮೇಲೆ ಹುಳು ಹೊಟ್ಟೆಬಾಕನಂತೆ ತಿಂದು, ಕೊನೆಗೆ ತಿನ್ನುವುದನ್ನೇ ನಿಲ್ಲಿಸಿ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಗೂಡು ಕಟ್ಟುವುದು ಅಲ್ಲಿ. ತಡ ಮಾಡಿದರೆ ಅವು ಸಿಕ್ಕ ಸಿಕ್ಕಲ್ಲಿ ನೂಲು ಬಿಟ್ಟು ಹಾಳು ಮಾಡುತ್ತವೆ. ಆ ದಿನ ಮನೆಯವರು ಯಾರೂ ಬೇರೆ ಕೆಲಸಕ್ಕೆ ಹೋಗುವಂತಿಲ್ಲ.

“ಯಾವಾಗ ಹಣ್ಣಾಗ್ತವೆ?”

“ಶನಿವಾರ ಆಗ್ಬೋದು ಅಂತು ನಮ್ಮಪ್ಪ. ಅಷ್ಟೊತ್ತಿಗೆ ಸ್ಕೂಲ್ ಡೇ ಮುಗಿದಿರುತ್ತೆ ಬಿಡು. ಬಿಸ್ಲು ಜಾಸ್ತಿ ಆದ್ರೆ ಮಾತ್ರ ಒಂದಿನ ಮುಂಚೆನೇ ಹಣ್ಣಾಗ್ಬಿಡ್ತವೆ.”

ಶ್ರೀವಲ್ಲಿ ತಲೆಯೆತ್ತಿ ಆಕಾಶ ನೋಡಿದಳು. ಒಂದು ಮೋಡವೂ ಇರಲಿಲ್ಲ. ‘ಶುಕ್ರವಾರವೇ ಹಣ್ಣಾಗಲಿ ದೇವರೇ’ ಎಂದುಕೊಂಡಳು. ಹಾಗೆ ಬೇಡಿಕೊಂಡದ್ದಕ್ಕೆ ಅವಳಿಗೇ ಸ್ವಲ್ಪ ಭಯವಾಯಿತು. ಆದರೆ ಬೇಡಿಕೊಂಡದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಬುಧವಾರವೂ ಕೇಳಿದಳು, “ಹುಳ ಹೆಂಗಿದಾವೆ?” ಗುರುವಾರ ಮಕ್ಕಳ ಸಂತೆಯಲ್ಲಿ ಕಡಲೆಕಾಯಿ ಮಾರುತ್ತಲೂ ಕೇಳಿದಳು. ಸಂಘಮಿತ್ರ ಪಾಪ, ಪ್ರತಿ ಸಲವೂ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು.

ಮನೆಯಲ್ಲಿ ಶ್ರೀವಲ್ಲಿ ಏನನ್ನೂ ಹೇಳಿರಲಿಲ್ಲ. ಏನೆಂದು ಹೇಳುವುದು? ಹುಳ ಹಣ್ಣಾದರೆ ನಾಟಕದಲ್ಲಿದ್ದೀನಿ, ಇಲ್ಲದಿದ್ದರೆ ಇಲ್ಲ ಅನ್ನುವುದೇ? ಅಪ್ಪ ಪುಟ್ಟಸ್ವಾಮಯ್ಯ ಶಿಡ್ಲಘಟ್ಟದಲ್ಲಿ ಗುಮಾಸ್ತರು. “ನಿನ್ನ ಪಾರ್ಟ್ ಇದ್ರೆ ಹೇಳಮ್ಮ, ಬೇಗ ಬಸ್ ಹತ್ತಿ ಬರ್ತೀನಿ,” ಎಂದಿದ್ದರು. ಅವಳು ಊಟ ಮಾಡಿ ಎದ್ದಿದ್ದಳು.

ಶುಕ್ರವಾರ ಮಧ್ಯಾಹ್ನ ವೇಣು ಏದುಸಿರು ಬಿಡುತ್ತಾ ಬಂದ. ಅವನ ಮನೆಯೂ ಸಂಘಮಿತ್ರಳ ಮನೆಯ ಕಡೆಗೇ.

“ಮಿಸ್, ಸಂಘಮಿತ್ರ ಬರಲ್ವಂತೆ. ಹುಳ ಹಣ್ಣಾಗ್ಬಿಟ್ಟಿದೆ. ಪಾರ್ಟು ಶ್ರೀವಲ್ಲಿನೇ ಮಾಡ್ಲಿ ಅಂದ್ಲು.”

“ಅಜ್ಜಿ ಸೀರೆ, ಕೋಲು ಎಲ್ಲೋ?”

“ಅದು... ತರೋದು ಮರ್ತೋಯ್ತು ಮಿಸ್.”

ಪದ್ಮಶ್ರೀ ಮಿಸ್ ಹಣೆ ಒತ್ತಿಕೊಂಡು, ಶ್ರೀವಲ್ಲಿಯ ಕಡೆ ತಿರುಗಿದರು. “ಇನ್ನು ನೀನೇ ಅಜ್ಜಿ ಕಣಮ್ಮ. ಬಾ, ಕೂತ್ಕೋ.”

ಶ್ರೀವಲ್ಲಿಗೆ ಕುಣಿಯುವಷ್ಟು ಖುಷಿಯಾಯಿತು. ಮಿಸ್ ಪೆನ್ಸಿಲ್ ಹಿಡಿದು ಅವಳ ಹಣೆಗೆ, ಕೆನ್ನೆಗೆ ಸುಕ್ಕು ಬರೆದರು. ಕೂದಲು ಬೆಳ್ಳಗೆ ಕಾಣಲಿ ಎಂದು ಪೌಡರ್ ಡಬ್ಬ ಬಗ್ಗಿಸಿ ತಲೆಗೆ ಸುರಿದು ತಿಕ್ಕಿದರು. ಕನ್ನಡಿಯಲ್ಲಿ ನೋಡಿದರೆ ಅಸಲಿ ಮುದುಕಿ.

“ಓಡಿ ಹೋಗಿ ಸೀರೆ ತಗೊಂಡ್ಬಾ. ಪ್ರೋಗ್ರಾಂ ಶುರುವಾಗೋ ಹೊತ್ತಾಯ್ತು.”

ಸಂಘಮಿತ್ರಳ ಮನೆ ದೂರವಿರಲಿಲ್ಲ. ಸ್ಕೂಲಿನ ಹಿಂದಿನ ಹಿಪ್ಪುನೇರಳೆ ತೋಟ ದಾಟಿದರೆ ಅವರ ಹುಳುಮನೆ. ಬಾಗಿಲಿಗೆ ಬಲೆ ಹಾಕಿದ್ದರು. ಒಳಗೆ ಸಂಘಮಿತ್ರ, ಅವಳ ಅಪ್ಪ ಬಯ್ಯಪ್ಪ, ಅಮ್ಮ, ಅಜ್ಜಿ ಆಂಜಿನಮ್ಮ, ನಾಲ್ವರೂ ಬಗ್ಗಿ ಹುಳು ಆರಿಸುತ್ತಿದ್ದರು. ಮಾತಿಗೆ ಪುರುಸೊತ್ತು ಇದ್ದಂತೆ ಕಾಣಲಿಲ್ಲ.

ಶ್ರೀವಲ್ಲಿ ಬಲೆಗೆ ಕೈ ಹಾಕಿದಳು.

“ಎವರಮ್ಮಾ ಅದಿ?” ಆಂಜಿನಮ್ಮ ತೆಲುಗಿನಲ್ಲಿ ಕೇಳುತ್ತಾ ತಲೆಯೆತ್ತಿದರು. “ಯಾರ್ ಮನೆ ಮುದ್ಕಮ್ಮ ಇದು, ನಂಗಿಂತ ಜಾಸ್ತಿ ನರೆತಿರೋದು?” ಮರುಕ್ಷಣವೇ ಅವರ ಮೂಗಿಗೆ ವಾಸನೆ ಬಡಿಯಿತು. “ನಿಂತ್ಕೋ, ನಿಂತ್ಕೋ. ಒಳಗೆ ಬರ್ಬೇಡಮ್ಮ. ಪೌಡರ್ ವಾಸ್ನೆ ಹುಳಕ್ಕೆ ಆಗಲ್ಲ. ನಾವು ಹೂ ಮುಡ್ಕೊಂಡೂ ಬರಲ್ಲ ಇಲ್ಲಿಗೆ.”

ಶ್ರೀವಲ್ಲಿ ಬೆಚ್ಚಿ ಹಿಂದಕ್ಕೆ ಸರಿದಳು.

ಸಂಘಮಿತ್ರ ಕೈ ತೊಳೆದುಕೊಂಡು ಹೊರಗೆ ಬಂದಳು. ಮನೆಯ ಒಳಗಿನಿಂದ ಕೋಲನ್ನೂ ಅಜ್ಜಿಯ ಹಳೇ ಸೀರೆಯನ್ನೂ ತಂದಳು. ಅವಳ ಕಣ್ಣು ಕೆಂಪಗಿದ್ದವು.

“ಅತ್ತಿದ್ಯಾ?” ಎಂದು ಶ್ರೀವಲ್ಲಿ ಕೇಳಿದಳು.

“ಇಲ್ಲಪ್ಪ. ಹುಳದ ಕೈ ಕಣ್ಣಿಗೆ ತಗಲ್ತು.” ಸಂಘಮಿತ್ರ ಸೀರೆ ಕೈಗಿಟ್ಟಳು. “ನೆರಿಗೆ ಜಾಸ್ತಿ ಹಿಡೀಬೇಡ. ಸೆರಗು ಸೊಂಟಕ್ಕೆ ಸಿಗಿಸ್ಕೋ, ನಮ್ಮಜ್ಜಿ ಸಿಗಿಸ್ಕೊಳಲ್ವಾ, ಹಂಗೆ. ಚೆನ್ನಾಗಿ ಮಾಡು.”

“ನಿಂಗೆ ಬೇಜಾರಾಗಿಲ್ವಾ?”

“ಬೇರೆ ಯಾರಾದ್ರೂ ಆಗಿದ್ರೆ ಆಗ್ತಿತ್ತು. ಇಡೀ ಕ್ಲಾಸಲ್ಲಿ ನಮ್ ಹುಳ ಹೆಂಗಿದಾವೆ ಅಂತ ಕೇಳಿದ್ದು ನೀನೊಬ್ಳೇ ಕಣೇ.”

ಅಷ್ಟು ಹೇಳಿ ಅವಳು ಮತ್ತೆ ಒಳಗೆ ಹೋದಳು.

ಶ್ರೀವಲ್ಲಿ ತೋಟದ ಅಂಚಿನವರೆಗೆ ನಡೆದಳು. ನಾನು ಬೇಡಿಕೊಂಡೆ ಅಂತ ಹುಳ ಹಣ್ಣಾಗಲಿಲ್ಲ, ಬಿಸಿಲಿಗೆ ಆಯಿತು ಎಂದುಕೊಂಡಳು. ಪಾರ್ಟು ನಾನಾಗಿ ಕಿತ್ತುಕೊಂಡಿಲ್ಲ, ಅವಳೇ ಕೊಟ್ಟಳು ಎಂದೂ ಅಂದುಕೊಂಡಳು. ಎರಡೂ ನಿಜವೇ. ಆದರೂ ಅವಳ ಕಾಲು ಮುಂದೆ ಹೋಗಲಿಲ್ಲ. ‘ನೀನೊಬ್ಳೇ ಕಣೇ’ ಅನ್ನುವ ಮಾತು ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಅವಳು ತಿರುಗಿ ಬಂದಳು.

“ಅಜ್ಜಿ, ತಲೆ ತೊಳ್ಕೊಂಡ್ರೆ ಒಳಗೆ ಬರ್ಬೋದಾ?”

ಆಂಜಿನಮ್ಮನಿಗೆ ಅರ್ಥವಾಗಲಿಲ್ಲ. “ಬರ್ಬೋದು. ಬರೀ ನೀರಲ್ಲಿ ತೊಳ್ಕೋಬೇಕು, ಸೋಪೂ ಘಮಘಮ ಅನ್ನುತ್ತೆ. ಯಾಕಮ್ಮ?”

ಶ್ರೀವಲ್ಲಿ ಸೀರೆ, ಕೋಲು ಎರಡನ್ನೂ ಪಕ್ಕಕ್ಕಿಟ್ಟಳು. ನೀರಿನ ತೊಟ್ಟಿಯ ಹತ್ತಿರ ಹೋಗಿ, ನಲ್ಲಿ ತಿರುಗಿಸಿ, ತಲೆಯೊಡ್ಡಿದಳು. ಬೆಳ್ಳಗಿನ ನೀರು ಕಲ್ಲಿನ ಮೇಲೆ ಹರಿಯಿತು. ತಿಕ್ಕಿ ತಿಕ್ಕಿ ತೊಳೆದಳು. ಮಿಸ್ ಕಷ್ಟಪಟ್ಟು ಬರೆದಿದ್ದ ಸುಕ್ಕುಗಳೂ ಕರಗಿ ಹೋದವು.

ಸಂಘಮಿತ್ರ ಓಡಿ ಬಂದಳು. “ಏನೇ ಮಾಡ್ಕೊಂಡೆ? ಈಗ ನಾಟಕ?”

“ನೀನು ಹೋಗು. ನೀನ್ ಬರೋವರೆಗೂ ನಾನು ಹುಳ ಆರಿಸ್ತೀನಿ.”

“ನಿಂಗೆ ಹುಚ್ಚಾ? ಇಷ್ಟು ದಿನ ಪ್ರಾಕ್ಟೀಸ್ ಮಾಡಿದ್ದು ನೀನು.”

“ನಿನ್ನ ಬದಲು ಮಾಡಿದ್ದೆ ಅಷ್ಟೇ. ಬೇಗ ಹೋಗೇ. ಪೌಡರ್ ಡಬ್ಬ ಖಾಲಿ, ಮಿಸ್‌ಗೆ ಹೇಳಿ ಚಾಕ್‌ಪೀಸ್ ಪುಡಿ ಹಚ್ಚಿಸ್ಕೋ.”

ಸಂಘಮಿತ್ರ ಅಪ್ಪನ ಮುಖ ನೋಡಿದಳು. ಬಯ್ಯಪ್ಪ ಶ್ರೀವಲ್ಲಿಯ ಒದ್ದೆ ತಲೆಯನ್ನು ನೋಡಿದರು. “ಊರಲ್ಲೆಲ್ಲ ಒಂದೇ ಸಲ ಹಣ್ಣಾಗೈತೆ, ಒಬ್ಬ ಆಳೂ ಸಿಕ್ಲಿಲ್ಲ,” ಎಂದರು. ಆಮೇಲೆ “ಎರಡು ಕೈ ಹೋಗಿ ಎರಡು ಕೈ ಬಂದ್ರೆ ಲೆಕ್ಕ ಸರಿಹೋಯ್ತು. ಹೋಗ್ಬಾಮ್ಮ,” ಎಂದು ಮಗಳಿಗೆ ಹೇಳಿದರು.

ಸಂಘಮಿತ್ರ ಸೀರೆ ಎದೆಗವಚಿಕೊಂಡು, ಕೋಲು ಹಿಡಿದು ತೋಟದೊಳಗೆ ಓಡಿದಳು. ಅವಳ ಜಡೆ ಸೊಪ್ಪಿನ ನಡುವೆ ಮರೆಯಾಗುವಾಗ ಶ್ರೀವಲ್ಲಿಗೆ ಅಳು ಬಂತು. ಕೂಗಿ ಕರೆದುಬಿಡೋಣ ಎಂದೂ ಅನ್ನಿಸಿತು. ತುಟಿ ಕಚ್ಚಿಕೊಂಡು ನಿಂತಳು.

ಆಂಜಿನಮ್ಮ ಅವಳ ತಲೆಗೆ ಟವೆಲು ಸುತ್ತಿ ಒಳಗೆ ಕರೆದುಕೊಂಡರು.

“ನೋಡು, ಹಸುರಾಗಿರೋದು ಇನ್ನೂ ತಿನ್ನುತ್ತೆ, ಅದರ ಪಾಡಿಗೆ ಬಿಡು. ಮೇಯೋದು ಬಿಟ್ಟು ಹಿಂಗೆ ತಲೆ ಎತ್ಕೊಂಡು ಹುಡುಕ್ತಾ ಇರುತ್ತಲ್ಲ, ಅದು ಹಣ್ಣು. ಮೆತ್ತಗೆ ಎತ್ಕೋ.”

ಹಣ್ಣು ಹುಳು ಬೆಳಕಿಗೆ ಹಿಡಿದರೆ ಮಾಗಿದ ಬಿಳಿ ದ್ರಾಕ್ಷಿಯಂತೆ ಕಾಣುತ್ತಿತ್ತು. ಮೊದಲನೆಯದು ಬೆರಳ ನಡುವೆ ಹೊರಳಿದಾಗ ಶ್ರೀವಲ್ಲಿ ಕಿರುಚಿ ಕೈಬಿಟ್ಟಳು. ಆಂಜಿನಮ್ಮ ನಕ್ಕರು. ಎರಡನೆಯದನ್ನು ಉಸಿರು ಹಿಡಿದು ಎತ್ತಿದಳು. ಆಮೇಲೆ ಭಯ ಹೋಯಿತು, ಬೆನ್ನು ನೋವು ಶುರುವಾಯಿತು.

ಸ್ಕೂಲಿನ ಮೈಕು ಇಲ್ಲಿಗೂ ಕೇಳುತ್ತಿತ್ತು. ಪ್ರಾರ್ಥನೆ ಆಯಿತು. ವೆಂಕಟರವಣಪ್ಪನವರ ಭಾಷಣ ಆಯಿತು, ಆಯಿತು ಅಂದುಕೊಂಡರೆ ಮತ್ತೆ ಮುಂದುವರಿಯಿತು. ಒಂದು ಡ್ಯಾನ್ಸ್ ಮುಗಿಯಿತು. ಆಮೇಲೆ ವೇಣುವಿನ ಗಂಟಲು ಕೇಳಿಸಿತು.

“ಕೋಳಿಗೂ ಟಿಕೆಟ್ ತಗೋಬೇಕು ಅಜ್ಜಿ.”

“ತಗೋತೀನಪ್ಪ,” ಎಂದಿತು ಮೈಕು.

“ನಮ್ ಹುಡ್ಗಿ,” ಎಂದರು ಆಂಜಿನಮ್ಮ. ಅವರ ಕೈ ಹುಳುವಿನ ಮೇಲೆಯೇ ನಿಂತಿತು. ಬಯ್ಯಪ್ಪನವರೂ ಅವರ ಹೆಂಡತಿಯೂ ಕಿವಿ ಬಾಗಿಲ ಕಡೆ ಮಾಡಿದರು.

ಶ್ರೀವಲ್ಲಿಯ ತುಟಿ ತಾನಾಗಿ ಆಡುತ್ತಿತ್ತು. ಸೀಟಿನ ಮಾತು ಬಂತು, ಕಿಟಕಿಯ ಮಾತೂ ಬಂತು. ದೂರದಲ್ಲಿ ಜನ ನಕ್ಕರು. ‘ನಾನು ಇದನ್ನು ಇನ್ನೂ ಎಳೆದು ಹೇಳುತ್ತಿದ್ದೆ’ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಮೈಕು ಸುಮ್ಮನಾಯಿತು.

ಯಾರ ದನಿಯೂ ಇಲ್ಲ.

“ಯಾಕಮ್ಮ, ನಿಂತ್ಹೋಯ್ತು?” ಎಂದರು ಆಂಜಿನಮ್ಮ.

ಮರೆತಿದ್ದಾಳೆ. ‘ಇದು ನನ್ ಕೋಳಿ ಅಲ್ಲಪ್ಪ, ನಮ್ ಬೀಗರ ಕೋಳಿ’. ಅದೇ ಮುಂದಿನ ಮಾತು. ಶ್ರೀವಲ್ಲಿ ಮೆಲ್ಲಗೆ ಹೇಳಿದಳು. ಮತ್ತೆ ಸ್ವಲ್ಪ ಜೋರಾಗಿ ಹೇಳಿದಳು. ತೋಟದಾಚೆಗೆ ಅದು ಎಲ್ಲಿ ಕೇಳಬೇಕು? ಹೇಳೇ, ಹೇಳೇ ಮಿತ್ರಾ, ಏನಾದರೂ ಹೇಳೇ ಎಂದು ಮನಸ್ಸು ಪೂರ್ತಿ ಬೇಡಿಕೊಂಡಳು. ಅವಳ ಅಂಗೈಯಲ್ಲಿದ್ದ ಹುಳು ಬೆರಳಿಗೆ ನೂಲು ಸುತ್ತತೊಡಗಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಆಗ ಮೈಕು ಬಾಯಿಬಿಟ್ಟಿತು.

“ಇರಪ್ಪ ಕಂಡಕ್ಟರೂ, ಕೋಳಿನೇ ಒಂದ್ಮಾತು ಕೇಳ್ತೀನಿ. ಏನಮ್ಮಾ, ಬಸ್ಸಲ್ಲಿ ಹೋಗಣ್ವಾ, ನಡ್ಕೊಂಡು ಹೋಗಣ್ವಾ?”

ಶಾಮಿಯಾನ ಹಾರಿಹೋಗುವಂತೆ ಜನ ನಕ್ಕರು. ಹುಳುಮನೆಯಲ್ಲೂ ಎಲ್ಲರೂ ನಕ್ಕರು. ಬಯ್ಯಪ್ಪ ಭುಜಕ್ಕೆ ಕಣ್ಣೊರೆಸಿಕೊಂಡರು. ಶ್ರೀವಲ್ಲಿಯೂ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮಾತು ಮಿಸ್ ಬರೆದ ಹಾಳೆಯಲ್ಲಿ ಇರಲೇ ಇಲ್ಲ. ತಾನಾಗಿದ್ದರೆ ಬರೆದದ್ದನ್ನೆಲ್ಲ ತಪ್ಪಿಲ್ಲದೆ ಹೇಳಿ ಇಳಿಯುತ್ತಿದ್ದೆ, ಇದು ಮಾತ್ರ ಹೊಳೆಯುತ್ತಿರಲಿಲ್ಲ ಅನ್ನಿಸಿತು.

ಆಂಜಿನಮ್ಮ ಅವಳ ಮೊಣಕೈ ತಟ್ಟಿದರು. “ನಾಟ್ಕ ಪೂರ್ತಿ ನಿನ್ ಬಾಯಲ್ಲೇ ಐತಂತಲ್ಲಮ್ಮ. ಹೇಳು, ಕೋಳಿ ಏನಂತು?”

“ನಂಗೂ ಗೊತ್ತಿಲ್ಲ ಅಜ್ಜಿ,” ಎಂದಳು ಶ್ರೀವಲ್ಲಿ. “ಸುಮ್ನಿರಿ, ಕೇಳಣ.”