ಜನರಲ್ ಪಟಕ್ಕೆ ಬಿದ್ದ ಗರಡಿ ಮಣ್ಣು

ಚಿತ್ರದುರ್ಗ ಟೌನ್ ಠಾಣೆಯ ದಫೇದಾರ್ ಕಾಟಲಿಂಗಪ್ಪನವರಿಗೆ ಹೆದರಿ ಸಮುದ್ರದಾಚೆಯ ಒಂದು ದೇಶದ ಜನರಲ್ ಮೂರು ದಿನ ಊಟ ಬಿಟ್ಟಿದ್ದ. ನಾಲ್ಕನೆಯ ದಿನ ಆತನ ಯುದ್ಧವಿಮಾನಗಳು ಜೋಗಿಮಟ್ಟಿ ಬೆಟ್ಟದ ನೆತ್ತಿಯವರೆಗೂ ಬಂದು, ಠಾಣೆಯ ಮುಂದೆ ನಿಂತಿದ್ದ ದಫೇದಾರರ ಮೀಸೆಯನ್ನು ಮೇಲಿನಿಂದಲೇ ನೋಡಿ ಹಾಗೇ ತಿರುಗಿಕೊಂಡು ಹೋದವು. ಊರಲ್ಲಿ ಇದನ್ನು ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ತನಿಖೆ ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ, ಓದಿದ ಮೇಲೆ ಮಾತಾಡಿ. ಆ ದೇಶದ ಹೆಸರನ್ನು ಮಾತ್ರ ಕೇಳಬೇಡಿ.

1976ನೇ ಇಸವಿ ಫೆಬ್ರವರಿ 11, ಬುಧವಾರ. ಬೆಳಿಗ್ಗೆ ಒಂಬತ್ತೂವರೆಗೆ ನಾಲ್ಕೂರು ಕುಸ್ತಿ ಲೀಗಿನ ಕಾರ್ಯದರ್ಶಿ ಗೋವಿಂದಪ್ಪ ಠಾಣೆಗೆ ಬಂದರು. ಇಸ್ತ್ರಿ ಜುಬ್ಬ, ಬೆವೆತ ಹಣೆ. ಇನ್ಸ್‌ಪೆಕ್ಟರ್ ಪರಮೇಶ್ವರಪ್ಪ ಕುರ್ಚಿ ತೋರಿಸಿದರು.

"ಕುಂತ್ಕಳ್ರಿ. ಏನು ಕಳುವಾಗೈತೆ?"

"ಒಂದು ಡಬ್ಬಿ, ಸಾರ್. ತಗಡಿಂದು."

"ಒಳಗೆ?"

"ಸಿನಿಮಾ ರೀಲು. ಇನ್ನೂ ತೊಳೆದಿಲ್ಲ. ಬೊಂಬಾಯಿಗೆ ಹೋಗಿ ತೊಳೀಬೇಕು. ಸಿನಿಮಾ ಹಿಡಿಸೋ ಹೊರದೇಶದೋರ ಏಜೆಂಟರು ಟ್ರಾವೆಲರ್ಸ್ ಬಂಗಲೆ, ಟಿ.ಬಿ.ಯಲ್ಲಿ ಇಳ್ಕಂಡವ್ರೆ, ನಾಡಿದ್ದು ಸಂಜೆ ಹೊರಡ್ತಾರೆ. ಡಬ್ಬಿ ಇಲ್ದೆ ಅವರ ಕಾರು ಹೋದ್ರೆ ಲೀಗಿನ ಕತೆ ಮುಗೀತು."

ಲೀಗಿನ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕೂರಿನ ಗರಡಿಗಳು ಸೇರಿ ಕಟ್ಟಿಕೊಂಡ ಕುಸ್ತಿ ಪಂದ್ಯಾವಳಿ ಅದು. ಪೈಲ್ವಾನರಿಗೆ ಸರ್ಕಾರಿ ನೌಕರರ ಹಾಗೆ ತಿಂಗಳ ಸಂಬಳ, ಮೇಲೆ ಹಾಲು, ಬಾದಾಮಿ. ಆದರೆ ನಮ್ಮೂರ ಟಿಕೆಟ್ ದುಡ್ಡಿನಲ್ಲಿ ಅಖಾಡಕ್ಕೆ ಹಾಕುವ ಎಣ್ಣೆಯೂ ಬರುತ್ತಿರಲಿಲ್ಲ. ಮಿಕ್ಕದ್ದೆಲ್ಲ ಜನರಲ್‌ನ ದೇಶದಿಂದ. ನಮ್ಮ ಕುಸ್ತಿಯನ್ನು ಸಿನಿಮಾ ಹಿಡಿದು ಅಲ್ಲಿಯ ಟಾಕೀಸುಗಳಲ್ಲಿ ತೋರಿಸುತ್ತಿದ್ದರು. ಮೊದಲ ವರ್ಷ ಅವರಿಗೆ ಸಿನಿಮಾ ಸಾಕಾಗಿತ್ತು. ಆಮೇಲೆ, ನಮ್ಮ ಜನರಲ್ ಸಾಹೇಬರ ಪಟವನ್ನು ಅಖಾಡದ ಅಂಚಿಗೆ ಸ್ಟೂಲಿನ ಮೇಲೆ ಇಡಿ, ಇಳಿಯುವ ಪೈಲ್ವಾನ ಅದಕ್ಕೆ ಮರ್ಯಾದೆ ತೋರಿಸಲಿ ಅಂದರು. ಮರ್ಯಾದೆ ಎಂದರೆ ಹೇಗೆ ಎಂದು ಏಜೆಂಟ ಬಿಡಿಸಿ ಹೇಳಲಿಲ್ಲ.

ಗರಡಿಯಲ್ಲಿ ಮರ್ಯಾದೆಯೆಂದರೆ ಮಣ್ಣು. ಹಿಡಿ ಕೆಮ್ಮಣ್ಣು ತೆಗೆದು ಹಣೆಗೆ ಒತ್ತಿಕೊಂಡು ಎದುರಾಳಿಯ ಮೈಮೇಲೆ, ದೊಡ್ಡವರಾದರೆ ಪಾದದ ಮೇಲೆ ಉದುರಿಸಬೇಕು. ಹೊಸದುರ್ಗ ತಂಡದ ಯತ್ತಪ್ಪ ಶ್ರೀರಾಂಪುರದ ಕಡೆಯ ಕುರಿಗಾಹಿಗಳ ಮನೆಯ ಹುಡುಗ. ಜನವರಿಯ ಪಂದ್ಯದಲ್ಲಿ ಅವನು ಭಕ್ತಿಯಿಂದ ಮಣ್ಣು ತೆಗೆದು ಪಟದ ಮೇಲೆ ಹಾಕಿದ. ಪಟದಲ್ಲಿ ಪಾದವಿರಲಿಲ್ಲ, ಎದೆಯವರೆಗೆ ಮಾತ್ರ ಇತ್ತು. ಮಣ್ಣು ಜನರಲ್‌ನ ಮುಖಕ್ಕೆ ಬಿತ್ತು. ಕ್ಯಾಮೆರಾ ಓಡುತ್ತಿತ್ತು.

"ಅದು ಬೇಕಂತ ಮಾಡಿದ್ದಲ್ಲ ಅಂತ ನೀವು ಹೇಳಲಿಲ್ವ?" ಇನ್ಸ್‌ಪೆಕ್ಟರ್ ಕೇಳಿದರು.

"ಹೇಳಿದೆ ಸಾರ್. ಬೇಕಂತ ಮಾಡಿಲ್ಲ ಅಂದ್ರೆ ಕ್ಷಮೆ ಕೇಳಾಕೆ ಏನು ಕಷ್ಟ ಅಂದ್ರು ಏಜೆಂಟರು."

"ಕೇಳಿದ್ನಾ?"

ಗೋವಿಂದಪ್ಪ ತಲೆಯೆತ್ತಲಿಲ್ಲ. "ಕೇಳ್ದ. ಕಳುವಾಗಿರೋದು ಅದೇ ರೀಲು."

ಐ.ಪಿ.ಸಿ. ಕಲಂ 380ರ ಪ್ರಕಾರ ಎಫ್.ಐ.ಆರ್. ಆಯಿತು. ಶಾಯಿ ಒಣಗುವುದರೊಳಗೆ ಮೇಲಿನಿಂದ ಫೋನು ಬಂತು. ಎಮರ್ಜೆನ್ಸಿಯ ಕಾಲ, ಮೇಲಿನಿಂದ ಫೋನು ಬಂದರೆ ಠಾಣೆಯ ಕುರ್ಚಿಗಳೂ ಎದ್ದು ನಿಲ್ಲುತ್ತಿದ್ದವು. ಇನ್ಸ್‌ಪೆಕ್ಟರ್ "ಎಸ್ ಸಾರ್" ಎಂದು ಐದಾರು ಸಲ ಅಂದು ಫೋನಿಟ್ಟರು. "ಏಜೆಂಟರು ಹೊರಡೋದ್ರೊಳಗೆ ಡಬ್ಬಿ ಹಂಗೇ ಅವರ ಕೈ ಸೇರ್ಬೇಕಂತೆ. ನಡೀರಿ ದಫೇದಾರ್ರೆ," ಎಂದರು. ಮುಖ ಸಪ್ಪಗಿತ್ತು.

ಲೀಗಿನ ಕಚೇರಿ ಸಂತೆಪೇಟೆಯ ಒಂದು ಕೋಣೆ. ಬಾಗಿಲ ಬೀಗ ಹಾಗೇ ಇತ್ತು. ಹಿಂದಿನ ಕಿಟಕಿಯ ಎರಡು ಕಬ್ಬಿಣದ ಸರಳುಗಳನ್ನು ಬರಿಗೈಯಲ್ಲಿ ಬಗ್ಗಿಸಿದ್ದರು. ಕಿಟಕಿಯ ಕಟ್ಟೆಯ ಮೇಲೆ ಚಿಟಿಕೆ ಕೆಮ್ಮಣ್ಣು. ದಫೇದಾರ್ ಕಾಟಲಿಂಗಪ್ಪನವರು ಅದನ್ನು ಮೂಸಿದರು. ಅವರ ಮೂಗು ಎಂಥದೆಂದರೆ, ಚಂದ್ರವಳ್ಳಿಯ ಗುಹೆಯಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಠಾಣೆಯಲ್ಲಿ ಕೂತು ಯಾವ ಮಾರ್ಕಿನದೆಂದು ಹೇಳುತ್ತಿದ್ದರು.

"ಮಜ್ಜಿಗೆ, ಅರಿಶಿನ," ಎಂದರು. "ಗರಡಿ ಮಣ್ಣು ಸಾಹೇಬ್ರೆ."

"ಯಾವ ಗರಡಿ?"

ಅದನ್ನು ತಿಳಿಯಲು ಹಿರಿಯೂರಿಗೆ ಹೋದರು. ಅಲ್ಲಿ ಅಖಾಡಕ್ಕೆ ಬೇವಿನೆಣ್ಣೆ ಹಾಕುತ್ತಿದ್ದರು. ಹೊಳಲ್ಕೆರೆಯಲ್ಲಿ ಕರ್ಪೂರ, ಚಿತ್ರದುರ್ಗದಲ್ಲಿ ನಿಂಬೆರಸ. ಜೀಪು ಮಾರಿಕಣಿವೆಯ ರಸ್ತೆಯಲ್ಲಿ ಎಷ್ಟು ಜೋರಾಗಿ ಓಡಿತೆಂದರೆ, ಕಾಲುವೆಯ ನೀರು ಅದರ ಹಿಂದೆ ಸ್ವಲ್ಪ ದೂರ ಓಡಿ ಬಂದು ಸುಸ್ತಾಗಿ ನಿಂತಿತು. ಉಳಿದದ್ದು ಹೊಸದುರ್ಗದ ಗರಡಿ ಒಂದೇ. ಅಲ್ಲಿಗೆ ಹೋಗುವ ಮೊದಲು ಇನ್ಸ್‌ಪೆಕ್ಟರ್ ಯತ್ತಪ್ಪನನ್ನು ವಿಚಾರಿಸಬೇಕೆಂದರು. ಆ ರೀಲು ಇಲ್ಲವಾದರೆ ಎಲ್ಲರಿಗಿಂತ ಹೆಚ್ಚು ಒಳ್ಳೆಯದಾಗುವುದು ಅವನಿಗೇ.

ಗುರುವಾರ ಮಧ್ಯಾಹ್ನ ಶ್ರೀರಾಂಪುರದ ಆಚೆ ಕುರಿಹಟ್ಟಿಯಲ್ಲಿ ಯತ್ತಪ್ಪನ ಅಕ್ಕ ನಾಗಕ್ಕ ಎದುರಾದಳು.

"ಏನಪ್ಪ ದಫೇದಾರಪ್ಪ, ಕುರಿಗೂ ವಾರಂಟು ತಂದಿಯೇನು?"

"ನಿನ್ ತಮ್ಮನ್ನ ಕರಿಯಮ್ಮ."

ಯತ್ತಪ್ಪ ಬೇಲಿಯ ಹಿಂದಿನಿಂದ ಎದ್ದು ಬಂದ. ಕಂಬಳಿಯನ್ನು ತಲೆಯ ಮೇಲಿನಿಂದ ಹೊದ್ದಿದ್ದ, ಅಂಥ ಬಿಸಿಲಿನಲ್ಲಿ. ಆನೆಯಂಥ ಆಳು, ಆದರೆ ನಿಂತ ರೀತಿ ಮೂಲೆಯಲ್ಲಿ ಇಟ್ಟ ಚೀಲದ ಹಾಗಿತ್ತು.

"ಮಂಗಳವಾರ ರಾತ್ರಿ ಎಲ್ಲಿದ್ದೆ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲೇ ಸ್ವಾಮಿ. ಗರಡಿ ಬಿಟ್ಟು ಬಂದ್ಮ್ಯಾಲೆ ಎಲ್ಲೂ ಹೋಗಿಲ್ಲ."

"ಆ ರೀಲಿನಲ್ಲಿ ಏನೈತೆ?"

"ನಾನಿದೀನಿ." ಕಂಬಳಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡ. "ಕಿವಿ ಹಿಡ್ಕಂಡು ಬಸ್ಕಿ ಹೊಡ್ದೆ. ಆ ಪಟದ ಮುಂದೆ ಅಡ್ಡ ಬಿದ್ದೆ. ಕ್ಯಾಮ್ರಾದೋನು ಬೆಳಕು ಸಾಲ್ದು ಅಂದ. ಮತ್ತೊಂದ್ಸಲ ಬಿದ್ದೆ."

"ಬೀಳು ಅಂತ ಯಾರು ಹೇಳಿದ್ದು? ಗೋವಿಂದಪ್ಪನ?"

ಯತ್ತಪ್ಪ ಅಕ್ಕನ ಕಡೆ ನೋಡಿದ. ನಾಗಕ್ಕನೇ ಹೇಳಿದಳು: "ಅವ್ನು ಹೇಳಿದ್ರೆ ನನ್ ತಮ್ಮ ಮಂಡಿ ಊರ್ತಿದ್ನಾ? ಕುಸ್ತಿ ಕಲ್ಸಿದ ಉಸ್ತಾದ್ರು ಹೇಳಿದ್ರು. ಸಾಕೀಗ, ಹೋಗ್ರಿ. ಊರೋರು ನೋಡಿದ್ದಾತು, ಇನ್ನು ಹೊರಗಿನ ದೇಶದೋರೂ ನೋಡಿ ನಗ್ತಾರಂತೆ. ಆಮ್ಯಾಲೆ ಇವನು ಎಲ್ಲಿ ಮುಖ ಇಕ್ಕಂತಾನೆ ಹೇಳು?"

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹೋಗಾಣ ದಫೇದಾರ್ರೆ."

ಶುಕ್ರವಾರ ಬೆಳಿಗ್ಗೆ ಹೊಸದುರ್ಗದ ಗರಡಿ. ಕಾರ್ಯದರ್ಶಿ ಗೋವಿಂದಪ್ಪನೂ ಜೊತೆಗಿದ್ದರು, ಡಬ್ಬಿಯನ್ನು ಗುರುತಿಸಬೇಕಲ್ಲ. ಅಭ್ಯಾಸದ ಹೊತ್ತು, ಆದರೆ ಪೈಲ್ವಾನರೆಲ್ಲ ಹೊರಗೆ ಜಗಲಿಯ ಮೇಲೆ ಕೂತಿದ್ದರು.

"ಯಾಕ್ರಲೇ, ಇವತ್ತು ರಜವೇನು?" ದಫೇದಾರರು ಕೇಳಿದರು.

"ಅಖಾಡಕ್ಕೆ ಇಳೀಬ್ಯಾಡ್ರಿ ಅಂದವ್ರೆ ಉಸ್ತಾದ್ರು. ಬುಧವಾರದಿಂದ."

ಒಳಗೆ ಉಸ್ತಾದ್ ಚಿತ್ರಲಿಂಗಪ್ಪ ಅಖಾಡದ ನಡುವೆ ಒಬ್ಬರೇ ಕೂತಿದ್ದರು. ಅರವತ್ತು ದಾಟಿದ ದೇಹ, ಮುರಿದು ಮುದ್ದೆಯಾದ ಕಿವಿಗಳು. ಮಣ್ಣಿನಿಂದ ಮಜ್ಜಿಗೆ, ಅರಿಶಿನದ ವಾಸನೆ ಏಳುತ್ತಿತ್ತು.

"ಬೂಟು ಬಿಚ್ಚಿ ಬರ್ರಿ," ಎಂದರು. ಇನ್ಸ್‌ಪೆಕ್ಟರ್ ಬಿಚ್ಚಿದರು.

"ಕಿಟಕಿ ಸರಳು ಬಗ್ಗಿಸಿದ್ದು ನೀವಾ?"

"ಹೂಂ. ಇನ್ನೂ ಇಷ್ಟು ಕಸುವೈತೆ."

"ಡಬ್ಬಿ?"

"ನಾನು ಕುಂತಿರೋ ಜಾಗದಲ್ಲೈತೆ."

"ಸುಟ್ಟುಬಿಡಬೋದಿತ್ತಲ್ಲ."

ಉಸ್ತಾದರು ಅಂಗೈಯಿಂದ ಮಣ್ಣನ್ನು ಸವರಿದರು. "ಸೀಮೆಎಣ್ಣೆ ತಂದಿದ್ದೆ. ಒಳಗಿರೋದು ಯತ್ತಪ್ಪ ಅಲ್ಲೇನ್ರಿ. ನಾನು ಸಾಕಿದ ಹುಡುಗ. ಹೆಂಗೆ ಬೆಂಕಿ ಇಡ್ಲಿ? ಅದಕ್ಕೇ ಅವನು ಆಡಿದ ಮಣ್ಣಲ್ಲೇ ಮುಚ್ಚಿಟ್ಟೆ."

"ಅವನಿಗೆ ಅಡ್ಡ ಬೀಳು ಅಂದೋರು ನೀವೇ ಅಂತೆ."

"ನಾನೇ. ಮಣ್ಣು ಹಾಕೋದು ಮರ್ಯಾದೆ ಅಂತ ಕಲ್ಸಿದೋನೂ ನಾನೇ, ಆ ಮರ್ಯಾದಿಗೆ ತಪ್ಪಾತು ಅನ್ನು ಅಂದೋನೂ ನಾನೇ. ನಾಲ್ಕು ಗರಡಿ ಮುಚ್ಚೋಗ್ತವೆ ಅಂತ ಗೋವಿಂದಪ್ಪ ಕೈ ಮುಗಿದ. ಹೊರಗೆ ಕುಂತವ್ರಲ್ಲ, ಅವ್ರೆಲ್ಲ ಆ ಹಾಲು ಕುಡ್ದೋರೆ. ನಾನೂ ಕುಡ್ದೀನಿ."

ದಫೇದಾರರೇ ಸನಿಕೆ ಹಿಡಿದರು. ಅವರು ಅಗೆದ ರಭಸಕ್ಕೆ ಹೊಸದುರ್ಗದ ಬಾವಿಗಳಲ್ಲೆಲ್ಲ ನೀರು ಮೇಲೆ ಬಂತು. ಡಬ್ಬಿ ಸಿಕ್ಕಿತು. ಸುತ್ತ ಕಪ್ಪು ಟೇಪು ಹಚ್ಚಿತ್ತು. ಚಹದಂಗಡಿಯವನನ್ನೂ ಕ್ಷೌರದಂಗಡಿಯವನನ್ನೂ ಪಂಚರಾಗಿ ಕರೆಸಿ ಪಂಚನಾಮೆ ಶುರುವಾಯಿತು. ಸಿಕ್ಕ ಮಾಲನ್ನು ಪಂಚರ ಎದುರಿಗೆ ಬಿಚ್ಚಿ, ಒಳಗೇನಿದೆ ಎಂದು ನೋಡಿ ಬರೆಯುವುದು ಪದ್ಧತಿ. ಗೋವಿಂದಪ್ಪ ಓಡಿ ಬಂದು ಅಡ್ಡ ನಿಂತರು.

"ಬಿಚ್ಚಬ್ಯಾಡ್ರಿ! ತೊಳೆಯದ ರೀಲದು. ಬೆಳಕು ತಾಗಿದ್ರೆ ಪೂರ್ತಿ ಹೋಗ್ತೈತೆ!"

ಇನ್ಸ್‌ಪೆಕ್ಟರ್ ನಡುಗಿದರು. ಮೇಲಿನವರ ಫೋನು ನೆನೆದು, ಬೇಡ ದಫೇದಾರ್ರೆ, ನಿಮ್ಮ ಕಾಲಿಗೆ ಬೀಳ್ತೀನಿ ಎಂದರು. ಆಗ ಕಾಟಲಿಂಗಪ್ಪನವರು ಮೀಸೆ ತಿರುವಿ, "ಕಾನೂನು ಅಂದ್ರೆ ಕಾನೂನು!" ಎಂದು ಗರ್ಜಿಸಿ, ಡಬ್ಬಿಯನ್ನು ಅಂಗಳದ ಬಿಸಿಲಿಗೆ ತಂದು ಟೇಪು ಕಿತ್ತು, ರೀಲನ್ನು ಎಳೆದೆಳೆದು ಗಾಳಿಪಟದ ಬಾಲದ ಹಾಗೆ ಹಾರಿಸಿದರು. ಯತ್ತಪ್ಪನ ಅವಮಾನವೆಲ್ಲ ಬಿಸಿಲಿಗೆ ಆವಿಯಾಗಿ ಹೋಯಿತು. ಟಿ.ಬಿ.ಯಲ್ಲಿ ಏಜೆಂಟ ಮೂರ್ಛೆ ಬಿದ್ದ. ಸಮುದ್ರದಾಚೆ ಜನರಲ್ ಊಟ ಬಿಟ್ಟ. ಉಸ್ತಾದ್ ಚಿತ್ರಲಿಂಗಪ್ಪನವರು ಬೇಡಿಗೆ ಕೈ ಒಡ್ಡುವ ಮೊದಲು ಹಿಡಿ ಮಣ್ಣು ತೆಗೆದು, ಹಣೆಗೊತ್ತಿಕೊಂಡು, ದಫೇದಾರರ ತಲೆಯ ಮೇಲೂ ಹೆಗಲ ಮೇಲೂ ಉದುರಿಸಿದರು. ಗರಡಿಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. 1976 ಫೆಬ್ರವರಿ 13, ಬೆಳಿಗ್ಗೆ ಹನ್ನೊಂದಕ್ಕೆ ಆರೋಪಿಯ ಬಂಧನವಾಯಿತು.

ಇಲ್ಲಿಯವರೆಗೆ ಬರೆದು ನನ್ನ ಹೆಂಡತಿ ಬೊಮ್ಮಕ್ಕನಿಗೆ ಓದಿ ಹೇಳಿದೆ. ಅವಳು ಹುಣಸೆಹಣ್ಣು ಬಿಡಿಸುತ್ತ ಕೇಳುತ್ತಿದ್ದಳು.

"ಮಣ್ಣು ಹಾಕಿದ್ರಾ ನಿಮ್ ಮ್ಯಾಲೆ?" ಎಂದಳು.

"ಹೂಂ. ತಲೆ ತುಂಬ."

"ಅವತ್ತು ನಿಮ್ಮ ಖಾಕಿ ಒಗ್ದೋಳು ನಾನು. ಒಂದು ಹುಡಿ ಮಣ್ಣಿರ್ಲಿಲ್ಲ." ಎದ್ದು ಅಡುಗೆಮನೆಗೆ ಹೋಗಿ ಹುಣಸೆಹಣ್ಣಿನ ಡಬ್ಬಿ ತಂದು ನನ್ನ ಮುಂದಿಟ್ಟಳು. ಬಿಸ್ಕತ್ತಿನ ಡಬ್ಬಿ ಅದು, ಬಣ್ಣ ಅಲ್ಲಲ್ಲಿ ಎದ್ದಿದೆ. ಮುಚ್ಚಳದ ಮೇಲೆ ಎದೆಯವರೆಗಿನ ಜನರಲ್. "ನೀವು ರೀಲು ಹಾಳು ಮಾಡಿದ್ರೆ, ಆ ಏಜೆಂಟ ಇದನ್ನ ಯಾಕೆ ಕೊಟ್ಟ?"

ಹೇಳಿಯೇ ಬಿಡುತ್ತೇನೆ.

ಕಾಟಲಿಂಗಪ್ಪ ನಾನೇ. ಜನರಲ್ ಊಟ ಬಿಡಲಿಲ್ಲ, ವಿಮಾನ ಬರಲಿಲ್ಲ. ಇನ್ಸ್‌ಪೆಕ್ಟರ್ ಪರಮೇಶ್ವರಪ್ಪನವರು ನಡುಗಲೂ ಇಲ್ಲ. ಗೋವಿಂದಪ್ಪ ಬಿಚ್ಚಬೇಡಿ ಎಂದು ಕೂಗಿದಾಗ ಅವರು ನನ್ನ ಮುಖ ನೋಡಿ, "ಪಂಚನಾಮೆ ನಿಮ್ಮ ಕೈಲೈತೆ ದಫೇದಾರ್ರೆ. ಪದ್ಧತಿ ಪ್ರಕಾರ ಮಾಡ್ರಿ," ಎಂದರು. ಆಮೇಲೆ ಗೋವಿಂದಪ್ಪನ ಹೆಗಲ ಮೇಲೆ ಕೈ ಹಾಕಿ ಅವರನ್ನು ಬಾಗಿಲ ಕಡೆಗೆ ಕರೆದುಕೊಂಡು ಹೋಗಿ, ನನಗೆ ಬೆನ್ನು ತಿರುಗಿಸಿ ನಿಂತರು. ಅಷ್ಟು ಹೊತ್ತು ಅವರು ಯಾವತ್ತೂ ಯಾರಿಗೂ ಬೆನ್ನು ಹಾಕಿ ನಿಂತವರಲ್ಲ.

ಉಸ್ತಾದರಿಗೂ ಅರ್ಥವಾಯಿತು. ಬೆಂಕಿ ಬೇಡ, ಬೆಳಕು ಸಾಕು ಎಂದು ಅವರಿಗೆ ಗೊತ್ತಾದದ್ದು ಆಗಲೇ. ಅವರು ಬಗ್ಗಿ ಹಿಡಿ ಮಣ್ಣು ತೆಗೆದು ಹಣೆಗೊತ್ತಿಕೊಂಡು ನನ್ನನ್ನೇ ನೋಡುತ್ತ ನಿಂತರು.

ಉಗುರಿನಿಂದ ಟೇಪಿನ ತುದಿ ಎಬ್ಬಿಸಿದೆ. ಅದು ಸಲೀಸಾಗಿ ಎದ್ದಿತು. ಫೋನು ನೆನಪಾಯಿತು. ಬಡ್ತಿ ಬರಬೇಕಿತ್ತು, ಅದೂ ನೆನಪಾಯಿತು. ನಾನು ಬಿಚ್ಚಿದ್ದರೆ ಯಾರೂ ಏನೂ ಮಾಡುತ್ತಿರಲಿಲ್ಲವೇನೋ, ಪದ್ಧತಿಯೇ ನನ್ನ ಕಡೆಗಿತ್ತು. ಆದರೂ ಟೇಪನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದೆ. ಪಂಚನಾಮೆಯಲ್ಲಿ "ಡಬ್ಬಿಯನ್ನು ತೆರೆದಿರುವುದಿಲ್ಲ" ಎಂದು ಬರೆದೆ. ಬಿಸಿಲಿಗೆ ಕಾಯದಿರಲೆಂದು ಒದ್ದೆ ಬಟ್ಟೆ ಸುತ್ತಿ, ಸಂಜೆ ನಾನೇ ಟಿ.ಬಿ.ಗೆ ಒಯ್ದು ಏಜೆಂಟನ ಕೈಗೆ ಕೊಟ್ಟೆ. ಅವನು ಕಾರಿನ ಹಿಂದಿನಿಂದ ಈ ಬಿಸ್ಕತ್ತಿನ ಡಬ್ಬಿ ತೆಗೆದು, ಮಕ್ಕಳಿಗೆ, ಎಂದ. ನಮ್ಮ ಮಕ್ಕಳು ಒಂದು ವಾರ ತಿಂದರು. ನಾನೂ ತಿಂದೆ.

ರೀಲು ಹೋಯಿತು, ಆ ದೇಶದ ಟಾಕೀಸುಗಳಲ್ಲಿ ಓಡಿತು. ಲೀಗು ಮತ್ತೆರಡು ವರ್ಷ ನಡೆಯಿತು, ಆಮೇಲೆ ಅವರಿಗೇ ಬೇಡವಾಗಿ ನಿಂತಿತು. ಉಸ್ತಾದರು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಿದರು. ಯಾಕೆ ಕದ್ದೆ ಎಂದು ಜಡ್ಜು ಕೇಳಿದ್ದಕ್ಕೆ, "ನಾಚಿಕೆಯಾಗಿತ್ತು ಸ್ವಾಮಿ," ಎಂದರು. ಯತ್ತಪ್ಪ ಮತ್ತೆ ಅಖಾಡಕ್ಕೆ ಇಳಿಯಲಿಲ್ಲ. ಶ್ರೀರಾಂಪುರದ ಬಸ್ಸಿನಲ್ಲಿ ಒಮ್ಮೆ ಸಿಕ್ಕಿದ್ದ. ಎದ್ದು ನನಗೆ ಸೀಟು ಬಿಟ್ಟುಕೊಟ್ಟ. ನಾನು ಕೂತೆ.

ಮಣ್ಣಿನ ಮಾತೊಂದು ಉಳಿಯಿತು. ಟೇಪು ಅಂಟಿಸಿ ನಾನು ತಲೆಯೆತ್ತಿದಾಗ ಉಸ್ತಾದರ ಮುಷ್ಟಿ ಇನ್ನೂ ಬಿಗಿಯಾಗಿಯೇ ಇತ್ತು. ಅವರು ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಗ್ಗಿ, ಆ ಮಣ್ಣನ್ನು ಮತ್ತೆ ಅಖಾಡಕ್ಕೇ ಬಿಟ್ಟು, ಅಂಗೈ ಒರೆಸಿಕೊಂಡು, ಬೇಡಿಗೆ ಕೈ ಚಾಚಿದರು.