ತೇಪೆ ಕಿತ್ತವರು ಯಾರು?

ಬೆಳಿಗ್ಗೆ ಅಣ್ಣ ರೇಡಿಯೋದ ಗುಬುಟು ತಿರುಗಿಸಿದ. ಕರಕರ — ಅಷ್ಟೇ. ಗಾಬರಿಯಿಂದ ಹಿಂಬದಿಯ ಹಲಗೆ ಬಿಚ್ಚಿ ನೋಡಿದ. ಸ್ಪೀಕರಿನ ಕಾಗದದ ಕೋನ್ ಉದ್ದಕ್ಕೂ ಹರಿದಿತ್ತು! ತಾನೇ ಮೈದಾ ಅಂಟು ಹಚ್ಚಿ ಹಳೆಯ ತೂತಿಗೆ ಹಾಕಿದ್ದ ತೇಪೆ ಮಾಯ.

"ಯಾರು ಮಾಡಿದ್ದು ಇದು?"

ಅಡುಗೆಮನೆಯಿಂದ ಅತ್ತಿಗೆ ಓಡಿಬಂದಳು. ಮೂಲೆಯ ಕುರ್ಚಿಯಲ್ಲಿ ಅಪ್ಪ ಆಪರೇಷನ್ ಆದ ಕಣ್ಣಿನ ಕಪ್ಪು ಕನ್ನಡಕ ಸರಿಮಾಡಿಕೊಂಡರು. ಅಣ್ಣ ಮಾತ್ರ ನೇರ ತಂಗಿಯತ್ತ ತಿರುಗಿದ.

"ಈ ಡಬ್ಬಾನ ಹೊರಗೆ ಹಾಕು, ನನ್ನ ಮೇಜಿಗೆ ಜಾಗ ಬೇಕು ಅಂದವಳು ನೀನೇ ಅಲ್ವಾ?"

"ಅಂದಿದ್ದೆ. ಅಂದ ಮಾತ್ರಕ್ಕೆ ಹರಿದು ಹಾಕ್ತೀನಾ?"

"ಮತ್ತೆ ಯಾರು? ಅಮ್ಮ ಹೋದಾಗಿನಿಂದ ಮೂಕವಾಗಿದ್ದ ರೇಡಿಯೋ! ಇದರ ರಿಪೇರಿಗೆ ಅಂತ ಎಷ್ಟು ಭಾನುವಾರ ಹಾಳುಮಾಡಿಕೊಂಡೆ! ಇನ್ನು ನನ್ನ ಜೊತೆ ಮಾತಾಡಬೇಡ."

ತಂಗಿ ವಿಮಾ ಕಂಪನಿಯ ಸರ್ವೇಯರ್. ಸುಟ್ಟ ಅಂಗಡಿ, ಜಜ್ಜಿದ ಕಾರು ನೋಡಿ ಅದು ಹೇಗಾಯಿತು, ಯಾರಿಂದಾಯಿತು ಎಂದು ಹೇಳುವುದೇ ಅವಳ ಹೊಟ್ಟೆಪಾಡು. ಊರವರ ಸುಳ್ಳು ಹಿಡಿಯುವವಳು ತನ್ನ ಮನೆಯಲ್ಲೇ ಕಳ್ಳಿಯಾಗಬೇಕೇ? ಅಣ್ಣನ ಮಾತು ನಿಂತುಹೋದರೆ ಈ ಮನೆಯಲ್ಲಿ ಇರುವುದಾದರೂ ಹೇಗೆ?

"ಪಕ್ಕಕ್ಕೆ ಸರಿ. ಯಾರೂ ಏನೂ ಮುಟ್ಟಬೇಡಿ."

ಟಾರ್ಚ್ ಹಿಡಿದು ಬಗ್ಗಿದಳು.

"ಈಗ ಬಿಚ್ಚುವಾಗ ಸ್ಕ್ರೂ ಬಿಗಿಯಾಗಿತ್ತಾ?"

"ಬಿಗಿಯಾಗೇ ಇತ್ತು."

"ಹಾಗಾದ್ರೆ ಇಲಿ ಅಲ್ಲ. ಅತ್ತಿಗೆ, ಒರೆಸೋಕೆ ಅಂತ ನೀವೇನಾದ್ರೂ—"

"ಅಯ್ಯೋ, ಅದರ ಹತ್ತಿರ ಸುಳಿದ್ರೆ ನಿಮ್ಮಣ್ಣ ನನ್ನನ್ನ ಮನೇಲಿ ಇಟ್ಕೋತಾರಾ?"

"ನಿನ್ನೆ ಸಂಜೆ ಸರಿಯಾಗಿ ಹಾಡ್ತಾ?"

"ಇಡೀ ಮನೆಯೇ ಕೇಳಿತಲ್ಲ! ನಾವು ಚಿಕ್ಕವರಿದ್ದಾಗಿನಿಂದ ಕಾಡ್ತಿದ್ದ ಗುಂಯ್ ಸದ್ದು ಒಂದು ಚೂರೂ ಇರಲಿಲ್ಲ."

ಹೌದು, ಕೇಳಿದ್ದರು. ಒಂದೇ ಹಾಡು ಕೇಳಿ ಅಪ್ಪ ಎದ್ದುಹೋಗಿದ್ದರು.

"ಈ ಅಂಚಲ್ಲಿ ಅಂಟಿರೋ ಬಿಳಿ ಎಳೆ ಏನು?"

"ಏನೋ ಕಸ."

ಕಸವಲ್ಲ! ಅವಳ ಕಣ್ಣು ಮಿಂಚಿತು.

"ಹತ್ತಿ ಇದು. ಕಾಗದ ಇನ್ನೂ ಒದ್ದೆ ಇದೆ, ನೋಡು. ಹಾಳು ಮಾಡೋಕೆ ಬಂದವರು ನೀರು ಯಾಕೆ ತರ್ತಾರೆ? ಒಂದು ಚಾಕು ಸಾಕಲ್ವಾ? ಇವರು ತೇಪೆನ ನೆನೆಸಿ, ಮೆಲ್ಲಗೆ ಬಿಡಿಸೋಕೆ ನೋಡಿದ್ದಾರೆ. ಹಳೇ ಕಾಗದ ಅಲ್ವಾ, ಜೊತೆಗೇ ಕಿತ್ತು ಬಂದಿದೆ. ಈ ಮನೇಲಿ ಹತ್ತಿ ಇಟ್ಕೊಂಡಿರೋದು ಒಬ್ಬರೇ — ಕಣ್ಣು ಒರೆಸ್ಕೊಳ್ಳೋಕೆ!"

ಹೇಳಿ ಮುಗಿಸಿದ ಮೇಲೆಯೇ ಕುರ್ಚಿಯತ್ತ ನೋಡಿದಳು. ಛೇ, ನಾಲಿಗೆ ಕಚ್ಚಿಕೊಂಡರೆ ಈಗೇನು ಬಂತು?

ಅಪ್ಪ ಅಂಗಿಯ ಜೇಬಿನಿಂದ ಮುದುಡಿದ ತೇಪೆ ತೆಗೆದು ಮೇಜಿನ ಮೇಲಿಟ್ಟರು.

"ನಾನೇ ಕಣಮ್ಮಾ. ಮದುವೆಯಾದ ಹೊಸದರಲ್ಲಿ ಧೂಳು ತೆಗೀತೀನಿ ಅಂತ ನಿಮ್ಮಮ್ಮ ಹೆಣಿಗೆ ಕಡ್ಡೀಲಿ ಚುಚ್ಚಿದ ತೂತು ಅದು. ಆಮೇಲೆ ರೇಡಿಯೋದಲ್ಲಿ ಯಾರು ಹಾಡಿದ್ರೂ ಹಿಂದೆ ಗುಂಯ್ ಅನ್ನೋದು. 'ನೀನೂ ಹಾಡೋಕೆ ಶುರುಮಾಡಿದ್ಯಾ' ಅಂತ ಅವಳನ್ನ ರೇಗಿಸ್ತಿದ್ದೆ. ನಿನ್ನೆ ಹಾಡು ಬಂತು. ಅವಳು ಬರಲಿಲ್ಲ."

"ಮೊದಲೇ ಹೇಳಬಾರದಿತ್ತಾ ಅಪ್ಪಾ?" ಅಣ್ಣ ತೇಪೆಯನ್ನು ಕೈಗೆತ್ತಿಕೊಂಡ.

"ನೀನು ಅಷ್ಟು ಆಸೆಯಿಂದ ರಿಪೇರಿ ಮಾಡಿದ್ದೆ. ಹೇಗಪ್ಪಾ ಹೇಳಲಿ? ಇವಳನ್ನ ಬೈದಾಗಲೂ ನಾಚಿಕೆಗೆ ಬಾಯಿ ಬರಲಿಲ್ಲ. ತಪ್ಪಾಯ್ತು ಮಗಳೇ."

ಎಷ್ಟೋ ಕೇಸು ಬಗೆಹರಿಸಿದವಳಿಗೆ ಈ ಗೆಲುವು ಬೇಡವಾಗಿತ್ತು. ಎರಡು ಬೈಗುಳ ನುಂಗಿಕೊಂಡು ಸುಮ್ಮನಿದ್ದಿದ್ದರೆ ಅಪ್ಪ ಹೀಗೆ ತಲೆ ತಗ್ಗಿಸಬೇಕಾಗಿರಲಿಲ್ಲ.

"ನಿನ್ನನ್ನ ಸುಮ್ಮಸುಮ್ಮನೆ ಬೈದುಬಿಟ್ಟೆ," ಎಂದ ಅಣ್ಣ.

"ಅದಿರಲಿ. ಅಂಟು ಕಲಸು, ನಾನು ಕಾಗದ ಕತ್ತರಿಸ್ತೀನಿ."

ಅಪ್ಪ ತಲೆಯೆತ್ತಿದರು. "ಆ ತೂತು ಮಾತ್ರ ಹಾಗೇ ಬಿಡ್ತೀಯಾ? ಗುಂಯ್ ಅನ್ನುತ್ತಾ?"

ಅಣ್ಣ ಕೋನನ್ನು ಕಿಟಕಿಯ ಬೆಳಕಿಗೆ ಹಿಡಿದ. ತೂತು ಇದ್ದ ಜಾಗವೇ ಕಿತ್ತುಹೋಗಿತ್ತು. ತಂಗಿಯ ಮುಖ ನೋಡಿದ. ಅವಳಿಗೂ ಅದು ಕಾಣಿಸಿತ್ತು. ಈ ಸಲ ಅವಳು ಏನೂ ಹೇಳಲಿಲ್ಲ.

"ಹಾಡು ಬರುತ್ತೆ ಅಪ್ಪಾ," ಎಂದ ಅಣ್ಣ.