ಕೀಯ್ಯ್ಯ್… ಟಕ್!

"ಕೀಯ್ಯ್ಯ್… ಟಕ್!"

ಕಾರು ಎಡಕ್ಕೆ ತಿರುಗಿದ್ದೇ ತಡ, ಮತ್ತೆ ಅದೇ ಸದ್ದು.

"ಕೇಳಿಸ್ತಾ ಅಪ್ಪ?" ಸ್ಟಿಯರಿಂಗ್ ಹಿಡಿದಿದ್ದ ಅಮ್ಮ ಕೇಳಿದಳು.

"ಯಾವ ಸದ್ದೂ ಇಲ್ಲ. ಗಾಡಿ ಬೆಣ್ಣೆ ಹಾಗೆ ಓಡ್ತಿದೆ," ಎಂದರು ಪಕ್ಕದ ಸೀಟಿನಲ್ಲಿದ್ದ ತಾತ.

ತಾತ ಒಂದು ಕಾಲದ ಮೆಕ್ಯಾನಿಕ್. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಗೆ ಕಿವಿ ಕೊಟ್ಟರೆ ಸಾಕು, ಕಾರಿನ ಕಾಯಿಲೆ ಹೇಳಿಬಿಡುತ್ತಿದ್ದರಂತೆ.

ಹಿಂದಿನ ಸೀಟಿನಲ್ಲಿ ರೇಡಿಯೋ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ರೇಡಿಯೋ ಅಂದರೆ ಅಮ್ಮನ ಮಗಳು! ಯಾವ ಸದ್ದು ಕೇಳಿದರೂ ಬಾಯಲ್ಲಿ ಮಾಡದಿದ್ದರೆ ಅವಳಿಗೆ ತಿಂದದ್ದು ಜೀರ್ಣವಾಗುವುದಿಲ್ಲ. ಮೊನ್ನೆ ಕ್ಲಾಸಿನಲ್ಲಿ ಬಾಯಲ್ಲೇ ಬೆಲ್ ಹೊಡೆದಳು. ಟೀಚರ್ ಸಮೇತ ಇಡೀ ಕ್ಲಾಸು ಗೇಟಿನವರೆಗೆ ಹೋಗಿಬಿಟ್ಟಿತು.

"ಇನ್ನೊಂದು ಸದ್ದು ಮಾಡಿದ್ರೆ ಭಾನುವಾರ ಸಮುದ್ರಕ್ಕೆ ನೀನಿಲ್ಲ," ಎಂದಿದ್ದಳು ಅಮ್ಮ. ನಾಳೆಯೇ ಭಾನುವಾರ!

ಗ್ಯಾರೇಜಿನಲ್ಲಿ ಒಂದು ಹನಿ ಎಣ್ಣೆಯೂ ನೆಲದ ಮೇಲಿರಲಿಲ್ಲ. ತಾತನಿಗೆ ಅಚ್ಚರಿ.

"ನಿನ್ನ ಸ್ಕ್ರೂಡ್ರೈವರ್ ಎಲ್ಲಿದೆಯಮ್ಮ?"

"ಇದೇ ಸರ್," ಎಂದು ಮೆಕ್ಯಾನಿಕ್ ಅಕ್ಕ ಲ್ಯಾಪ್‌ಟಾಪ್ ತೋರಿಸಿ, ಅದರ ವೈರನ್ನು ಕಾರಿಗೆ ಸಿಕ್ಕಿಸಿದಳು. ಪರದೆ ತುಂಬಾ ಹಸಿರು ಟಿಕ್ ಮಾರ್ಕು. ಓಡಿಸಿ ನೋಡಿದರೆ ಕಾರು ತುಟಿ ಪಿಟಕ್ಕೆನ್ನಲಿಲ್ಲ.

"ಕಂಪ್ಯೂಟರ್‌ಗೆ ಸದ್ದು ಕೇಳ್ಸಲ್ಲ ಮೇಡಂ. ಹೇಗೆ ಬರತ್ತೆ, ಸ್ವಲ್ಪ ಮಾಡಿ ತೋರಿಸ್ತೀರಾ?"

ಅಮ್ಮ ನಾಚಿಕೊಂಡು "ಕುಂಯ್" ಎಂದಳು.

"ಒಳಗೆ ನಾಯಿಮರಿ ಇದೆಯಾ?"

"ಅಲ್ಲಲ್ಲ… ಘೀಂ!"

"ಈಗ ಆನೆ ಆಯ್ತು. ಸರ್, ನೀವಾದ್ರೂ ಹೇಳಿ."

ತಾತ ಚಾವಣಿ ನೋಡತೊಡಗಿದರು.

"ಹಾಗಾದ್ರೆ ಕಾರು ಇಲ್ಲೇ ಇರ್ಲಿ. ಸೋಮವಾರ ನೋಡ್ತೀನಿ."

ಸೋಮವಾರವಾ! ಬಾಯಿ ಬಿಟ್ಟರೆ ರೇಡಿಯೋಗೆ ಸಮುದ್ರವಿಲ್ಲ. ಬಿಡದಿದ್ದರೆ ಯಾರಿಗೂ ಇಲ್ಲ. ಅವಳು ಬಾಯಿ ಮುಚ್ಚಿದ್ದ ಕೈ ತೆಗೆದೇಬಿಟ್ಟಳು.

"ಕೀಯ್ಯ್ಯ್… ಟಕ್!"

ಪಕ್ಕದ ಕಾರಿನ ಡ್ರೈವರ್ ಹೌಹಾರಿ ಬಗ್ಗಿ ತನ್ನ ಟಯರ್ ನೋಡಿಕೊಂಡ.

"ಮತ್ತೆ ಮಾಡು!" ತಾತ ತಮ್ಮ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದರು. "ಇನ್ನೂ ಜೋರಾಗಿ! ಸ್ಪೀಡ್ ಜಾಸ್ತಿ ಮಾಡಿದ್ರೆ?"

"ಕೀಟಕ್ಕೀಟಕ್ಕೀಟಕ್!"

"ನಿಧಾನಕ್ಕೆ ಹೋದ್ರೆ? ಎಡಕ್ಕೆ ತಿರುಗಿದ್ರೆ?" ಮೆಕ್ಯಾನಿಕ್ ಅಕ್ಕನೂ ಸೇರಿಕೊಂಡಳು.

ರೇಡಿಯೋ ಕಾರೇ ಆಗಿಬಿಟ್ಟಳು. ಗ್ಯಾರೇಜಿನ ತುಂಬಾ ಓಡಿದಳು, ತಿರುಗಿದಳು, ಕಿರುಚಿದಳು, ತಾತನ ಕಿವಿಗೆ ಬಂದು ಬ್ರೇಕ್ ಹಾಕಿದಳು.

"ಎಡಗಡೆ ಮುಂದಿನ ಚಕ್ರ!" ತಾತ ಮತ್ತು ಅಕ್ಕ ಒಟ್ಟಿಗೇ ಕೂಗಿದರು.

ಚಕ್ರ ಬಿಚ್ಚಿದರೆ ಬ್ರೇಕಿನ ಸಂದಿಯಿಂದ ಬಟಾಣಿಯಷ್ಟು ಕಲ್ಲು ನೆಲಕ್ಕೆ ಬಿತ್ತು.

"ಟಣ್!" ಎಂದಳು ರೇಡಿಯೋ.

ಬೈಯಲು ಹೊರಟ ಅಮ್ಮನಿಗೆ ನಗು ಉಕ್ಕಿ ಬಂತು. "ಆಯ್ತು ಮಾರಾಯ್ತಿ, ಸಮುದ್ರಕ್ಕೆ ಬಾ!"

ವಾಪಸ್ ಬರುವಾಗ ಕಾರು ಎಡಕ್ಕೆ ತಿರುಗಿತು. ತಾತ ಹಿಂದಕ್ಕೆ ವಾಲಿ, ಅಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದರು, "ಈಗ ಸದ್ದು ಬರ್ತಿದೆಯಾ ಪುಟ್ಟಿ?"

ರೇಡಿಯೋ ನಗು ನಿಲ್ಲಿಸಿದಳು. ಕಾರಿನ ಆ ಸದ್ದು ತಾತನಿಗೆ ಒಮ್ಮೆಯೂ ಕೇಳಿಸಿರಲಿಲ್ಲ. ಅವರು ಕೇಳಿದ್ದು ಅವಳ ಬಾಯಿಂದ ಮಾತ್ರ. ಅವಳಿಗೆ ಅಳು ಬಂದಂತಾಯಿತು.

ಅವಳು ಕಿಟಕಿಯ ಪಕ್ಕದಿಂದ ಬಗ್ಗಿ ತಾತನ ಕಿವಿಗೆ ಬಾಯಿಟ್ಟಳು.

"ಇಲ್ಲ ತಾತ. ಈಗ ಟಯರ್ ಸದ್ದು ಮಾತ್ರ. ಹೀಗೆ… ಸ್ರ್ರ್ರ್."

ಆಮೇಲೆ ಒಂದು ಬಸ್ಸು ಬಂತು. ಅದನ್ನೂ ಕೇಳಿಸಿದಳು. ಸೈಕಲ್ ಬೆಲ್, ಯಾರದೋ ಅಂಗಡಿಯ ಶಟರ್, ಮರದ ಮೇಲಿನ ಗುಬ್ಬಿ, ಮನೆ ಬರುವವರೆಗೆ ಒಂದನ್ನೂ ಬಿಡಲಿಲ್ಲ. ಅಮ್ಮ ಕನ್ನಡಿಯಲ್ಲಿ ನೋಡಿ ಹಿಂದಿನ ಕಿಟಕಿಯ ಗಾಜು ಇಳಿಸಿದಳು.